ಎದೆಮಟ್ಟದ ನೀರಿಗಾಗಿ ಒಂದು ಒತ್ತಾಯ

2017ರ ಏಪ್ರಿಲ್ 15ರಂದು ಮಾಲವಣ ಸಮೀಪದ ವಾಯರಿ ಕಡಲತೀರದಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ಎಂಟು ಮಂದಿ ನೀರುಪಾಲಾದರು. 2022ರ ನವೆಂಬರ್‌ನಲ್ಲಿ ಗಡಿಯಾಚೆಯ ಕಿತವಾಡ ಜಲಪಾತಕ್ಕೆ ಹೋಗಿದ್ದ ಬೆಳಗಾವಿಯ ನಾಲ್ವರು ಯುವತಿಯರು ಮರಳಿ ಬರಲಿಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಬಾಲಕಿಯರು ಮುಳುಗಿ ತೀರಿಕೊಂಡರು. ಇಂಥ ಪ್ರತಿ ದುರಂತದ ನಂತರ ನಮ್ಮ ಚರ್ಚೆ ಹೋಗುವ ದಾರಿ ಒಂದೇ. ಎಚ್ಚರಿಕೆ ಫಲಕ ಇತ್ತೇ, ಕಾವಲುಗಾರ ಎಲ್ಲಿದ್ದ, ಶಿಕ್ಷಕರು ಏನು ಮಾಡುತ್ತಿದ್ದರು, ಪ್ರವಾಸಕ್ಕೆ ಅನುಮತಿ ಕೊಟ್ಟವರು ಯಾರು? ಈ ಪ್ರಶ್ನೆಗಳು ಬೇಕು. ಆದರೆ ಅವುಗಳಿಗಿಂತ ಹಿಂದಿನದೊಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಒಂದನೇ ಇಯತ್ತೆಯಿಂದ ಪದವಿಯವರೆಗೆ ಹದಿನೈದು ವರ್ಷ ಓದುವ ಮಗುವಿಗೆ ನೀರಲ್ಲಿ ತೇಲುವುದನ್ನು, ದಡ ಹಿಡಿಯುವುದನ್ನು, ಯಾವ ನೀರಿಗೆ ಇಳಿಯಬಾರದು ಎಂಬುದನ್ನು ನಾವು ಯಾವ ತರಗತಿಯಲ್ಲಿ ಹೇಳಿಕೊಟ್ಟೆವು?

ಭಾರತದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ಮುಳುಗಿ ಸಾಯುತ್ತಾರೆ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. 2021ರಲ್ಲಿ ಜಗತ್ತಿನಾದ್ಯಂತ ಹೀಗೆ ಸತ್ತವರು ಮೂರು ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸುದ್ದಿಯಾಗುವುದು ಕಡಲು ಮತ್ತು ಜಲಪಾತ. ಜೀವ ಹೋಗುವುದು ಹೆಚ್ಚಾಗಿ ಊರ ಕೆರೆ, ಕಾಲುವೆ, ಕೃಷಿಹೊಂಡ, ಕೈಬಿಟ್ಟ ಕಲ್ಲುಕ್ವಾರಿಗಳಲ್ಲಿ. ಬೆಳಗಾವಿಯವರಿಗೆ ಈ ಎರಡು ಬಗೆಯ ನೀರೂ ಹತ್ತಿರ. ಮಲಪ್ರಭೆ ಹುಟ್ಟುವುದೇ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ನಗರಕ್ಕೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪದ ಜಲಾಶಯ ಇರುವುದು ಮಾರ್ಕಂಡೇಯ ನದಿಗೆ. ಎರಡು ದಿನ ರಜೆ ಸಿಕ್ಕರೆ ಇಲ್ಲಿಯ ಹುಡುಗರು ಚೋರ್ಲಾ ಘಾಟ ಇಳಿದು ಗೋವೆಗೋ, ಆಂಬೋಲಿ ಹಾದು ಮಾಲವಣಕ್ಕೋ ಹೋಗಿಬಿಡುತ್ತಾರೆ. ನೀರಿಗೆ ಇಷ್ಟು ಹತ್ತಿರ ಇರುವ ಊರಿನಲ್ಲಿ ಈಜು ಬರುವುದು ಹವ್ಯಾಸದ ಮಾತಾಗಿ ಉಳಿಯಬಾರದು. ಪೋಲಿಯೊ ಹನಿಯಂತೆ ಅದು ಪ್ರತಿ ಮಗುವಿಗೂ ಸಲ್ಲಬೇಕಾದ ಸಾರ್ವಜನಿಕ ಆರೋಗ್ಯದ ಕೆಲಸ. ನಗರದ ಟಿಳಕವಾಡಿ ಬಡಾವಣೆಗೆ ಹೊಸ ಈಜುಕೊಳ ಬೇಕು ಎಂದು ಕೇಳುವುದಾದರೆ ಈ ಕಾರಣಕ್ಕಾಗಿ ಕೇಳಬೇಕು. ಎಂಥ ಕೊಳ ಕೇಳಬೇಕು ಎಂಬುದನ್ನು ನಿರ್ಧರಿಸುವುದೂ ಇದೇ ಕಾರಣ.

ಹಿಂದಿನ ತಲೆಮಾರಿನ ಗಂಡುಹುಡುಗರಿಗೆ ಈಸು ಕಲಿಸಿದ್ದು ಬಾವಿ. ಬೆನ್ನಿಗೆ ಒಣ ಸೋರೆಬುರುಡೆ ಇಲ್ಲವೇ ಬಾಯಿ ಬಿಗಿದ ಖಾಲಿ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಅಣ್ಣನೋ ಮಾವನೋ ಮೆಟ್ಟಿಲ ಮೇಲೆ ಹಿಡಿದು ನಿಲ್ಲುತ್ತಿದ್ದ. ದಿನ ಕಳೆದಂತೆ ಹಗ್ಗ ಸಡಿಲವಾಗುತ್ತಿತ್ತು, ಬುರುಡೆ ಕಳಚುತ್ತಿತ್ತು. ಖಾನಾಪುರದ ಹಳ್ಳಿಗಳಲ್ಲಿ ಹೊಳೆಯೇ ಶಾಲೆ. ಈ ಕಲಿಕೆಗೆ ಶುಲ್ಕ ಇರಲಿಲ್ಲ ಎಂಬುದು ದೊಡ್ಡದು. ಆದರೆ ಅದನ್ನು ಹಾಡಿ ಹೊಗಳುವಾಗ ಎರಡು ಸಂಗತಿ ಮರೆಯುತ್ತೇವೆ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ ಎನ್ನುವಷ್ಟು ಕಡಿಮೆ. ಕಲಿಯುವಾಗಲೇ ಮುಳುಗಿ ಹೋದ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಈಗ ನಗರದಲ್ಲಿ ಆ ದಾರಿಯೂ ಇಲ್ಲ. ಇಳಿದು ಈಸುವಂಥ ಬಾವಿಗಳು ಮುಚ್ಚಿಹೋಗಿವೆ, ಇಲ್ಲವೇ ಜಾಳಿಗೆ ಹೊದ್ದು ಕೂತಿವೆ. ಟಿಳಕವಾಡಿಯ ಜಕ್ಕೇರಿ ಹೊಂಡ, ಕಪಿಲೇಶ್ವರ ಹೊಂಡಗಳನ್ನು ಊರು ನೆನೆಯುವುದು ಗಣೇಶ ವಿಸರ್ಜನೆಗೆ. ಹಳೆಯ ಶಾಲೆ ಬಾಗಿಲು ಹಾಕಿದೆ, ಹೊಸದನ್ನು ನಾವು ತೆರೆದಿಲ್ಲ.

ನಗರದಲ್ಲಿ ಕೊಳಗಳೇ ಇಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇವೆ. ಗೋವಾವೇಸ್‌ನಲ್ಲಿ ಮಹಾನಗರ ಪಾಲಿಕೆ ಮತ್ತು ರೋಟರಿ ಸಂಸ್ಥೆಯ ಹೆಸರು ಹೊತ್ತ ಈಜುಕೊಳ ಇದೆ; ನೆಹರೂ ನಗರದ ಜೆಎನ್‌ಎಂಸಿ ಆವರಣದಲ್ಲಿ ಸುವರ್ಣ ಜೆಎನ್‌ಎಂಸಿ ಈಜುಕೊಳ ಇದೆ. ಈ ಊರಿನ ಈಜು ತರಬೇತುದಾರರು, ಈಜು ಕ್ಲಬ್‌ಗಳು ಮಾಡಿರುವ ಕೆಲಸ ಸಣ್ಣದಲ್ಲ. ಮೂಳೆಗಳು ಸುಲಭವಾಗಿ ಮುರಿಯುವ ಜನ್ಮಜಾತ ಕಾಯಿಲೆ ಇರುವ ಮೊಯಿನ್ ಜುನ್ನೇದಿ ಬೆಳಗಾವಿಯ ನೀರಲ್ಲೇ ಪಳಗಿ ಅಂತರರಾಷ್ಟ್ರೀಯ ಕೂಟಗಳಲ್ಲಿ ಪದಕ ಗೆದ್ದವರು. ಅವರನ್ನು ತಯಾರು ಮಾಡಿದವರು ಇಲ್ಲಿಯ ತರಬೇತುದಾರ ಉಮೇಶ ಕಲಘಟಗಿ. ನೆಲದ ಮೇಲೆ ನಡೆಯಲಾಗದ ದೇಹವನ್ನು ನೀರು ಹೊತ್ತುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗಿದ್ದರೂ ಇರುವ ಕೊಳಗಳಿಂದ ಊರಿನ ಮಕ್ಕಳಿಗೆಲ್ಲ ಈಜು ಬರುವುದಿಲ್ಲ. ಅದಕ್ಕೆ ಯಾರ ತಪ್ಪೂ ಕಾರಣವಲ್ಲ, ಕೊಳಗಳ ಸ್ವರೂಪವೇ ಕಾರಣ. ಉದ್ದನೆಯ ಆಳದ ಕೊಳ ಈಜು ಬಂದವರಿಗಾಗಿ ಕಟ್ಟಿದ್ದು. ಶುಲ್ಕ ಕಟ್ಟುವ, ಬೆಳಿಗ್ಗೆ ಆರಕ್ಕೆ ಮಗುವನ್ನು ಕರೆತಂದು ಒಂದು ತಾಸು ಕಾಯಬಲ್ಲ, ವಾಹನ ಇರುವ ಮನೆಗಳಿಗೆ ಅದು ಒಗ್ಗುತ್ತದೆ. ಪಾಲಿಕೆ ಕೆಲಸಕ್ಕೋ ಮನೆಗೆಲಸಕ್ಕೋ ಬೆಳಗಾಗುವ ಮೊದಲೇ ಹೊರಡುವ ತಾಯಿಯ ಮಗು ಬೇಸಿಗೆ ಶಿಬಿರಕ್ಕೆ ಬರುವುದಿಲ್ಲ. ಆ ಮಗು ಬರುವುದು ಶಾಲೆಗೆ ಮಾತ್ರ. ಕೊಳ ಶಾಲೆಯ ವೇಳಾಪಟ್ಟಿಯೊಳಗೆ ಬಂದರೆ ಮಾತ್ರ ಆ ಮಗುವಿಗೆ ಸಿಗುತ್ತದೆ.

ಕೊಳ ಬೇಕೆಂದು ಹೋರಾಡುವವರು ಎಡವುವುದು ಇಲ್ಲೇ. ಮನವಿ ಬರೆಯಲು ಕೂತ ಕೂಡಲೇ ‘ಒಲಿಂಪಿಕ್ ಮಟ್ಟದ’ ಎಂಬ ಮಾತು ಕಾಗದಕ್ಕೆ ಇಳಿದುಬಿಡುತ್ತದೆ. ಮಂಗಳೂರಿನ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಹಣದಲ್ಲಿ ಅಂತರರಾಷ್ಟ್ರೀಯ ಮಟ್ಟದ ಕೊಳ 2023ರಲ್ಲಿ ಎದ್ದು ನಿಂತಿತು. ಸ್ಪರ್ಧಾಳುಗಳಿರುವ ಆ ಊರಿಗೆ ಅದು ಬೇಕಿತ್ತು. 2016ರ ಜನವರಿಯ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾದ ಬೆಳಗಾವಿಗೂ ಅಂಥದ್ದೇ ಬೇಕು ಎನ್ನುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲ, ಎರಡು ಮೀಟರ್ ಆಳದ ಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು. ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಸರಾಸರಿ ಒಂದು ಮೀಟರ್ ಆಳದ ಕಲಿಕೆಯ ಕೊಳಕ್ಕೆ 2 ಲಕ್ಷ ಲೀಟರ್ ಸಾಕು. ಹತ್ತು ವರ್ಷದ ಮಗು ಅದರಲ್ಲಿ ನಿಂತರೆ ನೀರು ಎದೆಮಟ್ಟಕ್ಕೆ ಬರುತ್ತದೆ, ಕಾಲು ನೆಲಕ್ಕೆ ತಾಗುತ್ತದೆ. ಕಲಿಯುವ ಮಗುವಿನ ಅಂಜಿಕೆ ಅರ್ಧ ಅಲ್ಲೇ ಕಳೆಯುತ್ತದೆ. ಶಿಕ್ಷಕರೂ ನೀರೊಳಗೆ ನಿಂತೇ ಕಲಿಸಬಹುದು, ಒಂದು ತೋಳಿನಳತೆಯಲ್ಲಿ.

ಇಂಥ ಒಂದು ಸಣ್ಣ ಕೊಳ ಎಷ್ಟು ಮಕ್ಕಳಿಗೆ ಆದೀತು? ಮೂವರು ಶಿಕ್ಷಕರೊಂದಿಗೆ ಒಂದು ತಂಡದಲ್ಲಿ 25 ಮಕ್ಕಳು, ದಿನಕ್ಕೆ ಎಂಟು ತಂಡ ಎಂದರೆ 200 ಮಕ್ಕಳು. ಒಬ್ಬೊಬ್ಬರಿಗೆ ಇಪ್ಪತ್ತು ಪಾಠ, ವಾರಕ್ಕೆ ಐದು ದಿನ. ನಾಲ್ಕು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ರಿಪೇರಿಗೆ, ಪರೀಕ್ಷೆಗೆ ಎಂದು ಎರಡು ತಿಂಗಳು ಬಿಟ್ಟರೂ ವರ್ಷಕ್ಕೆ ಹತ್ತು ಸುತ್ತು, ಅಂದರೆ 2,000 ಮಕ್ಕಳು. 2011ರ ಜನಗಣತಿಯ ಪ್ರಕಾರ ಬೆಳಗಾವಿ ನಗರದ ಜನಸಂಖ್ಯೆ 4.88 ಲಕ್ಷ. ಅಷ್ಟು ಜನರಿರುವ ಊರಿನಲ್ಲಿ ಒಂದೇ ವಯಸ್ಸಿನ ಮಕ್ಕಳು ಸುಮಾರು ಎಂಟು ಸಾವಿರ ಇರುತ್ತಾರೆ. ಊರು ಈಗ ಬೆಳೆದಿದೆ, ಆದರೂ ಲೆಕ್ಕದ ಅಳತೆ ಕೈಗೆಟಕುವಂಥದ್ದೇ: ನಾಲ್ಕೈದು ಇಂಥ ಕೊಳಗಳಿದ್ದರೆ ಐದನೇ ತರಗತಿ ದಾಟುವ ಪ್ರತಿ ಮಗುವಿಗೂ ಈಜು ಬಂದಿರುತ್ತದೆ. ಅದರಲ್ಲಿ ಮೊದಲನೆಯದು ಟಿಳಕವಾಡಿಯಲ್ಲಿ ಆಗಲಿ ಎನ್ನಲು ಕಾರಣ ಇದೆ. ರೈಲ್ವೆ ಗೇಟುಗಳ ಎರಡೂ ಬದಿ ಶಾಲೆಗಳು ಹತ್ತಿರ ಹತ್ತಿರ ಇವೆ. ಅನಗೋಳ, ಹಿಂದವಾಡಿ, ಶಹಾಪುರ, ವಡಗಾವಿಯ ಮಕ್ಕಳಿಗೂ ದೂರವಲ್ಲ. ಖಾನಾಪುರ ರಸ್ತೆ ಪಕ್ಕದಲ್ಲೇ ಹಾಯುತ್ತದೆ.

ಕಲಿಸಿದರೆ ಸಾವು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂಬುದೇ ಇಡೀ ವಾದದ ತಿರುಳು. ಇದಕ್ಕೆ ಉತ್ತರ ಹುಡುಕಲು ಯುರೋಪಿಗೆ ಹೋಗಬೇಕಿಲ್ಲ. ನಮ್ಮಷ್ಟೇ ಬಡತನ, ನಮಗಿಂತ ಹೆಚ್ಚು ನೀರು ಇರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ‘ಸ್ವಿಮ್‌ಸೇಫ್’ ಎಂಬ ಕಾರ್ಯಕ್ರಮ ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈಜು ಕಲಿಸಿತು. ಅವರು ಕಾಂಕ್ರೀಟಿನ ಕೊಳಕ್ಕಾಗಿ ಕಾಯಲಿಲ್ಲ. ಊರ ಕೆರೆಯಲ್ಲೇ ನೀರೊಳಗೆ ಬಿದಿರಿನ ಅಟ್ಟ ಕಟ್ಟಿ, ಸುತ್ತ ಬಿದಿರಿನ ಕಟಾಂಜನ ಹಾಕಿ ಎದೆಮಟ್ಟದ ನೀರು ಮಾಡಿಕೊಂಡರು. ಆಯಾ ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಶಿಕ್ಷಕರನ್ನಾಗಿ ಮಾಡಿದರು. ಪಾಸಾಗಲು ಮಗು 25 ಮೀಟರ್ ಈಜಬೇಕು, ಅರ್ಧ ನಿಮಿಷ ತೇಲಬೇಕು, ಮುಳುಗುತ್ತಿರುವವರಿಗೆ ದಡದಲ್ಲೇ ನಿಂತು ಕೋಲೋ ಬಟ್ಟೆಯೋ ಚಾಚಲು ಗೊತ್ತಿರಬೇಕು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಕಲಿಯದವರಿಗಿಂತ ಶೇ 93ರಷ್ಟು ಕಡಿಮೆ ಇತ್ತು. ಲಸಿಕೆಗಳಲ್ಲೂ ಇಷ್ಟು ರಕ್ಷಣೆ ಕೊಡುವಂಥವು ಎಲ್ಲವೂ ಅಲ್ಲ. ಶಾಲಾ ವಯಸ್ಸಿನ ಮಕ್ಕಳಿಗೆ ಈಜು, ನೀರಿನ ಸುರಕ್ಷತೆ ಮತ್ತು ಅಪಾಯವಿಲ್ಲದ ರಕ್ಷಣೆಯ ಪಾಠ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸರಕಾರಗಳಿಗೆ ಹೇಳುತ್ತಿರುವುದು ಇಂಥ ಪುರಾವೆಯ ಬಲದಿಂದ. ಮೀನುಗಾರರನ್ನು ಕಡಲಿಗೆ ಕಳೆದುಕೊಳ್ಳುತ್ತಿದ್ದ ಐಸ್‌ಲೆಂಡ್ 1940ರಲ್ಲೇ ಶಾಲೆಗಳಲ್ಲಿ ಈಜನ್ನು ಕಾನೂನಿನಿಂದ ಕಡ್ಡಾಯ ಮಾಡಿತು.

ಈಜು ಬಂದರೆ ಹುಡುಗರಿಗೆ ಹುಂಬ ಧೈರ್ಯ ಬರುತ್ತದೆ, ಅವರೇ ಮೊದಲು ಆಳಕ್ಕೆ ಹಾರುತ್ತಾರೆ ಎಂಬ ಆಕ್ಷೇಪ ಹಳೆಯದು, ಮತ್ತು ತಾಯಂದಿರ ಬಾಯಲ್ಲಿ ಬಂದಾಗ ತಳ್ಳಿಹಾಕುವಂಥದ್ದಲ್ಲ. ಬಾಂಗ್ಲಾದೇಶದ ಆ ಅಂಕಿ ಇದಕ್ಕೆ ಅರ್ಧ ಉತ್ತರ. ಉಳಿದರ್ಧ, ಏನನ್ನು ಕಲಿಸುತ್ತೇವೆ ಎಂಬುದರಲ್ಲಿದೆ. ಕೊಳದಲ್ಲಿ ನಾಲ್ಕು ಸುತ್ತು ಹೊಡೆದವನು ಕಡಲಿನ ಹಿಂಸೆಳೆತದಲ್ಲಿ ಉಳಿಯುತ್ತಾನೆಂದು ಭರವಸೆ ಕೊಡಲಾಗದು. ಅಂಥ ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ಎದುರು ಈಜಿ ಸುಸ್ತಾಗಬಾರದು, ತೇಲುತ್ತ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು ಎಂಬುದು ತಿಳಿದಿರಬೇಕು. ಜಲಪಾತದ ಕೆಳಗಿನ ಮಡುವಿನಲ್ಲಿ ಪಾಚಿ ಹಿಡಿದ ಬಂಡೆ ಎಷ್ಟು ಜಾರುತ್ತದೆ, ಮೇಲೆ ಎಲ್ಲೋ ಮಳೆ ಬಿದ್ದರೆ ನೀರು ಎಷ್ಟು ಬೇಗ ಏರುತ್ತದೆ ಎಂಬುದು ಗೊತ್ತಿರಬೇಕು. ಒಬ್ಬರು ಜಾರಿದಾಗ ಉಳಿದವರು ಒಬ್ಬರ ಹಿಂದೆ ಒಬ್ಬರು ಧುಮುಕುವುದು ನಮ್ಮ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಸೀರೆ, ದುಪಟ್ಟಾ, ಖಾಲಿ ನೀರಿನ ಕ್ಯಾನು, ಮರದ ಟೊಂಗೆ ಏನಾದರೂ ಎಸೆ, ನೀನು ಇಳಿಯಬೇಡ ಎಂಬ ಪಾಠ ಹತ್ತನೇ ವಯಸ್ಸಿಗೇ ಮೈಗೂಡಿದ್ದರೆ ಒಂದು ಸಾವು ನಾಲ್ಕಾಗುವುದು ತಪ್ಪುತ್ತದೆ. ಇಪ್ಪತ್ತು ಪಾಠಗಳಲ್ಲಿ ಆರೇಳು ಇದಕ್ಕೇ ಮೀಸಲಾಗಬೇಕು.

ಕುಡಿಯಲು ನೀರಿಲ್ಲದಾಗ ಈಜಲು ನೀರೆಲ್ಲಿಂದ ತರುತ್ತೀರಿ ಎಂಬುದು ಅತಿ ಗಂಭೀರವಾದ ಆಕ್ಷೇಪ. ದಿನದ 24 ತಾಸು ನೀರು ಕೊಡುವ ಪ್ರಯೋಗ 2008ರ ಹೊತ್ತಿಗೆ ಇಲ್ಲಿಯ ಕೆಲವು ವಾರ್ಡುಗಳಲ್ಲಿ ಯಶಸ್ವಿಯಾಗಿ ನಡೆಯಿತು, ನಿಜ. ಆದರೂ ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಗಲ್ಲಿಗಳಿರುವಾಗ ಈ ಪ್ರಶ್ನೆ ಕೇಳುವವರ ಮಾತಿಗೆ ತೂಕ ಇದೆ. ಜನ ಸಾಮಾನ್ಯವಾಗಿ ಊಹಿಸುವಂತೆ ಕೊಳದ ನೀರನ್ನು ದಿನವೂ ಚೆಲ್ಲುವುದಿಲ್ಲ. ಅದೇ ನೀರು ಮರಳಿನ ಫಿಲ್ಟರಿನ ಮೂಲಕ ಸುತ್ತುತ್ತಿರುತ್ತದೆ. ಖರ್ಚಾಗುವುದು ಆವಿಯಾಗಿ ಹೋಗುವುದು ಮತ್ತು ಫಿಲ್ಟರ್ ತೊಳೆಯಲು ಬೇಕಾಗುವುದು. ಇನ್ನೂರು ಚದರ ಮೀಟರ್ ಹರವಿನಿಂದ ಕಡುಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೆ ಒಂದು ಸಾವಿರ ಲೀಟರ್ ಆಯಿತು. ನಗರವಾಸಿಗೆ ದಿನಕ್ಕೆ ತಲಾ 135 ಲೀಟರ್ ಎಂಬ ಸರಕಾರಿ ಮಾನದಂಡ ಹಿಡಿದರೆ ಇದು ಏಳೆಂಟು ಜನರ ಪಾಲು. ಇನ್ನು ಬೆಳಗಾವಿಯ ಮಳೆ ವರ್ಷಕ್ಕೆ 1,200 ಮಿಲಿಮೀಟರಿಗೂ ಹೆಚ್ಚು. ಕೊಳಕ್ಕೂ ಸುತ್ತಲಿನ ಕಟ್ಟೆಗೂ ಸೇರಿ 400 ಚದರ ಮೀಟರ್ ಮಾಡು ಹಾಕಿದರೆ, ಸೋರಿಕೆಗೆ ಐದರಲ್ಲಿ ಒಂದು ಪಾಲು ಬಿಟ್ಟರೂ, ಮೂರೂಮುಕ್ಕಾಲು ಲಕ್ಷ ಲೀಟರ್ ಹಿಡಿಯಬಹುದು. ಕೊಳ ಹೆಚ್ಚುಕಡಿಮೆ ಎರಡು ಸಲ ತುಂಬುವಷ್ಟು. ಮಾಡು ಬೇಕಾಗಿರುವುದು ಇನ್ನೊಂದು ಕಾರಣಕ್ಕೂ. ಮಳೆಗಾಲ ಮತ್ತು ಚಳಿಗಾಲದಲ್ಲಿ ಈ ಊರಿನ ತಂಪಿಗೆ ಸಣ್ಣ ಮಕ್ಕಳು ಹತ್ತು ನಿಮಿಷದಲ್ಲಿ ನಡುಗುತ್ತಾರೆ, ನಡುಗುವ ಮಗು ಏನೂ ಕಲಿಯುವುದಿಲ್ಲ. ಮಾಡು ಮತ್ತು ಸೌರಶಾಖ ಇಲ್ಲದೆ ಕಟ್ಟಿದ ಕೊಳ ಬೇಸಿಗೆಯ ಮೂರು ತಿಂಗಳ ಮೋಜಿಗೆ ಸೀಮಿತವಾಗಿಬಿಡುತ್ತದೆ. ಇದೊಂದರಲ್ಲಿ ರಾಜಿ ಕೂಡದು.

ರೋಗದ ಭಯವೂ ಇದೆ. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಿದುಳಿಗೆ ತಗಲುವ ಅಮೀಬಾ ಸೋಂಕಿನ ಸುದ್ದಿ ಓದಿದವರು ಕೊಳ ಎಂದರೆ ಹಿಂಜರಿಯುವುದು ಸಹಜ. ಆದರೆ ಆ ಅಮೀಬಾ ಬೆಳೆಯುವುದು ಬೆಚ್ಚಗಿನ, ನಿಂತ, ಶುದ್ಧೀಕರಿಸದ ನೀರಿನಲ್ಲಿ. ಸರಿಯಾದ ಪ್ರಮಾಣದ ಕ್ಲೋರಿನ್ ಇರುವಲ್ಲಿ ಅದು ಬದುಕುವುದಿಲ್ಲ. ಅಂದರೆ ಈ ಭಯ ಹೇಳುವುದು ಕೊಳ ಬೇಡ ಎಂದಲ್ಲ, ನಿಗಾ ಇಲ್ಲದ ಕೊಳ ಬೇಡ ಎಂದು. ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಕ್ಲೋರಿನ್, 7.2ರಿಂದ 7.8ರ ನಡುವಿನ ಪಿಎಚ್: ದಿನಕ್ಕೆ ಮೂರು ಸಲ ಪರೀಕ್ಷಿಸಿ, ಬಾಗಿಲ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಯಾವ ಪಾಲಕರೂ ಓದಿ ತಿಳಿಯಬಹುದು.

ಇಲ್ಲಿಗೆ ನಿರ್ವಹಣೆಯ ಮಾತು ಬಂತು, ಸಾರ್ವಜನಿಕ ಕೊಳಗಳು ಸಾಯುವುದೂ ಇಲ್ಲೇ. ಕಟ್ಟಲು ಒಮ್ಮೆ ಅನುದಾನ ಸಿಗುತ್ತದೆ. ಪಂಪು ಕೆಟ್ಟ ದಿನ, ಜೀವರಕ್ಷಕನ ಸಂಬಳ ನಿಂತ ತಿಂಗಳು ಕೇಳುವವರಿರುವುದಿಲ್ಲ. ಆದ್ದರಿಂದ ಹೋರಾಟ ಕಟ್ಟಡಕ್ಕಿಂತ ಮೊದಲು ಕೇಳಬೇಕಾದದ್ದು ಪಾಲಿಕೆಯ ಬಜೆಟ್ಟಿನಲ್ಲಿ ಪ್ರತಿ ವರ್ಷದ ಒಂದು ಸಾಲು: ಶಿಕ್ಷಕರ ವೇತನ, ಜೀವರಕ್ಷಕರು, ವಿದ್ಯುತ್ತು, ಔಷಧಿ. ಸಂವಿಧಾನದ ಹನ್ನೆರಡನೇ ಅನುಸೂಚಿ ಉದ್ಯಾನ, ಆಟದ ಮೈದಾನದಂಥ ಸೌಲಭ್ಯಗಳನ್ನು ನಗರಾಡಳಿತದ ಕೆಲಸವೆಂದೇ ಎಣಿಸಿದೆ. ಬೆಳಿಗ್ಗೆ ಮತ್ತು ಸಂಜೆ ದೊಡ್ಡವರಿಗೆ ಶುಲ್ಕ, ಶಾಲೆಯ ಹೊತ್ತಿನಲ್ಲಿ ಮಕ್ಕಳಿಗೆ ಉಚಿತ ಎಂದರೆ ಹೊರೆ ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಗ್ರಂಥಾಲಯ ಲಾಭ ತರಲಿ ಎಂದು ಯಾರೂ ಕೇಳುವುದಿಲ್ಲ. ಗೋವಾವೇಸ್‌ನಲ್ಲಿ ಆದಂತೆ ಸೇವಾಸಂಸ್ಥೆಗಳು ಕೈಜೋಡಿಸುವುದು ಒಳ್ಳೆಯದೇ, ಆದರೆ ಕರಾರಿನಲ್ಲಿ ಶಾಲಾ ಮಕ್ಕಳ ತಾಸುಗಳು ಮೊದಲೇ ಬರೆದಿರಬೇಕು.

ಜಾಗದ ವಿಷಯದಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಟಿಳಕವಾಡಿಯಲ್ಲಿ ದೊಡ್ಡ ಖಾಲಿ ಜಾಗ ಎಂದ ಕೂಡಲೇ ಎಲ್ಲರ ಕಣ್ಣು ವ್ಯಾಕ್ಸಿನ್ ಡಿಪೋ ಮೇಲೆ ಬೀಳುತ್ತದೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಆ ಆವರಣದ ಹಳೆಯ ಮರಗಳು ಊರಿನ ಉಸಿರು. ಅಲ್ಲಿ ಕಾಮಗಾರಿ ನಡೆದಾಗಲೆಲ್ಲ ನಾಗರಿಕರು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ಆ ಮರಗಳ ಬುಡದಲ್ಲಿ ಕೊಳ ತೋಡುವುದು ಬೇಡ. ನಾನು ಹೇಳುತ್ತಿರುವ ಕೊಳಕ್ಕೆ ಹತ್ತು ಗುಂಟೆ ಧಾರಾಳ. ಯಾವುದಾದರೂ ಸರಕಾರಿ ಶಾಲೆಯ ಆವರಣದ ಅಂಚು ಸಾಕು.

ಹೆಣ್ಣುಮಕ್ಕಳ ಪಾಲನ್ನು ಆಮೇಲೆ ನೋಡೋಣ ಎಂದರೆ ಅದು ಎಂದೂ ಬರುವುದಿಲ್ಲ. ಕಿತವಾಡದಲ್ಲಿ, ಮುರ್ಡೇಶ್ವರದಲ್ಲಿ ಹೋದವರೆಲ್ಲ ಹೆಣ್ಣುಮಕ್ಕಳು. ಮಹಿಳಾ ಶಿಕ್ಷಕಿಯರು, ಮರೆಯಿರುವ ಬಟ್ಟೆ ಬದಲಿಸುವ ಕೋಣೆ, ಮೈತುಂಬ ಉಡುಪು ಹಾಕಿ ಈಜಲು ಅವಕಾಶ, ಕೇಳಿದವರಿಗೆ ಪ್ರತ್ಯೇಕ ತಾಸು: ಇವು ನಕ್ಷೆಯ ಹಂತದಲ್ಲೇ ಇರಬೇಕು. ಗಾಲಿಕುರ್ಚಿ ನೇರ ನೀರಿಗೆ ಇಳಿಯುವ ಇಳಿಜಾರೂ ಅಷ್ಟೇ; ಆಮೇಲೆ ಸೇರಿಸುತ್ತೇವೆ ಎಂದದ್ದನ್ನು ಯಾರೂ ಸೇರಿಸಿದ್ದಿಲ್ಲ. ಸಂಧಿವಾತದ ಹಿರಿಯರಿಗೂ ಮಧ್ಯಾಹ್ನದ ಹೊತ್ತು ಅದೇ ಇಳಿಜಾರು, ಅದೇ ಬೆಚ್ಚಗಿನ ನೀರು ಒದಗುತ್ತದೆ.

ಈ ಊರಿಗೆ ಇಂಥದ್ದು ಮಾಡಿ ಗೊತ್ತಿಲ್ಲವೆಂದೇನಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಇದೇ ಟಿಳಕವಾಡಿಯ ನೆಲದಲ್ಲಿ. ದೇಶದ ಮೂಲೆಮೂಲೆಯಿಂದ ಬರುವವರಿಗೆ ನೀರು ಬೇಕಿತ್ತು. ಸಂಘಟಕರಾದ ಗಂಗಾಧರರಾವ್ ದೇಶಪಾಂಡೆ ಮತ್ತು ಅವರ ಸಂಗಡಿಗರು ನೀರಿನ ಕೊರತೆ ಇದೆ ಎಂದು ಅಧಿವೇಶನವನ್ನು ಬೇರೆ ಊರಿಗೆ ಬಿಟ್ಟುಕೊಡಲಿಲ್ಲ. 4,370 ರೂಪಾಯಿ ಖರ್ಚಿನಲ್ಲಿ ಬಾವಿ ತೋಡಿಸಿ ಪಂಪಾ ಸರೋವರ ಎಂದು ಹೆಸರಿಟ್ಟರು. ಕಾಂಗ್ರೆಸ್ ಬಾವಿ ಎಂದು ನಾವು ಈಗಲೂ ಕರೆಯುವುದು ಅದನ್ನೇ. ಅಗತ್ಯ ಏನೆಂದು ಅವರಿಗೆ ಸ್ಪಷ್ಟವಿತ್ತು, ಎಷ್ಟು ಬೇಕೆಂಬ ಲೆಕ್ಕ ಇತ್ತು, ಯಾರ ಕೈಯಿಂದ ಮಾಡಿಸಬೇಕೆಂಬುದೂ ಗೊತ್ತಿತ್ತು.

ಈಗ ಬೇಕಿರುವುದೂ ಅಷ್ಟೇ ಸ್ಪಷ್ಟತೆ. ಪಾಲಿಕೆಯ 58 ವಾರ್ಡುಗಳ ಪೈಕಿ ಈ ಭಾಗದ ನಗರಸೇವಕರಿಗೆ, ಶಾಸಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡುವ ಮನವಿಯಲ್ಲಿ ‘ಭವ್ಯ’, ‘ವಿಶ್ವದರ್ಜೆ’ ಎಂಬ ಪದಗಳು ಬೇಡ. ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಎದೆಮಟ್ಟದ ನೀರು, ಮೇಲೆ ಮಾಡು, ವರ್ಷಕ್ಕೆ ಎರಡು ಸಾವಿರ ಮಕ್ಕಳು ಎಂದು ಬರೆಯಬೇಕು. ಮನವಿಯ ಜೊತೆಗೆ ಸುತ್ತಲಿನ ಕನ್ನಡ, ಮರಾಠಿ, ಉರ್ದು ಶಾಲೆಗಳ ಎಸ್‌ಡಿಎಂಸಿಗಳ ಠರಾವುಗಳಿರಬೇಕು, ಯಾವ ಶಾಲೆ ಯಾವ ವಾರ ಎಷ್ಟು ಮಕ್ಕಳನ್ನು ಕಳಿಸುತ್ತದೆ ಎಂಬ ಪಟ್ಟಿ ಸಮೇತ. ಕೊಳ ಕಟ್ಟುವವರೆಗೆ ಕಾಯಬೇಕಾಗಿಯೂ ಇಲ್ಲ. ಇರುವ ಕೊಳಗಳಲ್ಲಿ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಜನ ಕಡಿಮೆ; ಆ ಹೊತ್ತಿನಲ್ಲಿ ಆಳ ಕಡಿಮೆ ಇರುವ ಬದಿಗೆ ಹಗ್ಗ ಕಟ್ಟಿ ನಾಲ್ಕು ಸರಕಾರಿ ಶಾಲೆಗಳ ಐದನೇ ತರಗತಿಯಿಂದ ಬರುವ ಜೂನ್‌ನಲ್ಲೇ ಪಾಠ ಶುರು ಮಾಡಬಹುದು. ವರ್ಷದ ಕೊನೆಗೆ 25 ಮೀಟರ್ ಈಜಿದ ಮಕ್ಕಳ ಹಾಜರಿ ಪುಸ್ತಕವನ್ನು ಪಾಲಿಕೆಯ ಬಜೆಟ್ ಸಭೆಯ ಮೇಜಿನ ಮೇಲಿಟ್ಟು ಹೊಸ ಕೊಳದ ಹಣ ಕೇಳಬೇಕು.